ಕಂಟ್ರಾಕ್ಟರ್ ಕೈಕೊಟ್ಟಾಗ ನಾನು ಲೆಕ್ಕ ಚುಕ್ತಾ ಮಾಡಿದ್ದು ಹೀಗೆ

ಬಚ್ಚಲುಮನೆ, ಅಡುಗೆಮನೆ ಎರಡನ್ನೂ ಒಡೆದು ಹೊಸದಾಗಿ ಮಾಡಿಸಲು ಒಬ್ಬ ಕಂಟ್ರಾಕ್ಟರ್‌ಗೆ ಕೊಟ್ಟಿದ್ದೆ. ಒಡೆಯುವ ದಿನ ಆಳುಗಳು ದಂಡುಕಟ್ಟಿ ಬಂದರು. ಗೋಡೆ ಕೊರೆದು ಪೈಪ್ ಹಾಕುವ ಹೊತ್ತಿಗೆ ಒಬ್ಬರೋ ಇಬ್ಬರೋ. ಆಮೇಲೆ ಫೋನ್ ಮಾಡಿದರೆ "ನಾಳೆ ಬೆಳಗ್ಗೆ ಹುಡುಗ್ರನ್ನ ಕಳಿಸ್ತೀನಿ ಸರ್" ಅನ್ನುವುದೊಂದೇ ಉತ್ತರ. ಅವನ ಲೆಕ್ಕಾಚಾರ ಸರಳ: ಮನೆ ಒಡೆಸಿಕೊಂಡವನು ಎಲ್ಲಿಗೂ ಹೋಗಲಾರ, ಹಾಗಾಗಿ ಹೊಸ ಗಿರಾಕಿಯ ಅಡ್ವಾನ್ಸ್ ಎಲ್ಲಿ ಬರುತ್ತದೋ ಆಳುಗಳು ಅಲ್ಲಿಗೆ. ಇದು ತಿಳಿದ ಮೇಲೆ ನಾನು ಕೂಗಾಡುವುದನ್ನು ಬಿಟ್ಟೆ.

ನನ್ನ ಕೈ ಹಿಡಿದದ್ದು ಶುರುವಿನಲ್ಲೇ ಬರೆದುಕೊಂಡ ಕರಾರು. ಹಣ ವಾರದ ಲೆಕ್ಕದಲ್ಲಿ ಅಲ್ಲ, ಹಂತದ ಲೆಕ್ಕದಲ್ಲಿ. ಪ್ರತಿ ಹಂತವೂ ಪರೀಕ್ಷೆ ಪಾಸಾಗಬೇಕು. ಪೈಪ್ ಮುಚ್ಚುವ ಮೊದಲು ಪಂಪಿನಿಂದ ಒತ್ತಡ ಏರಿಸಿ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡಿ ಫೋಟೊ ತೆಗೆಯುವುದು; ಇಳಿದರೆ ಎಲ್ಲೋ ಸೋರುತ್ತಿದೆ ಅಂತ. ಅಳತೆ ಟೇಪು ಹಿಡಿದು ಪೈಪಿನ ಜಾಗದ ಫೋಟೊವನ್ನೂ ತೆಗೆಯುವುದು. ವಾಟರ್‌ಪ್ರೂಫಿಂಗ್ ಆದಮೇಲೆ ನೀರು ಹೋಗುವ ತೂತು ಮುಚ್ಚಿ, ನೆಲದ ಮೇಲೆ 24ರಿಂದ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಚಾವಣಿ ನೋಡುವುದು. ಟೈಲ್ಸ್ ಕೂತಮೇಲೆ ನಾಣ್ಯದಿಂದ ತಟ್ಟುವುದು. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ತುಂಬಿಲ್ಲ, ಇಲ್ಲವೇ ಸರಿಯಾಗಿ ಹಿಡಿದಿಲ್ಲ ಅಂತ. ಹಣದ ಕೊನೆಯ ಹತ್ತರಲ್ಲೊಂದು ಭಾಗ ಎಲ್ಲ ಮುಗಿದ ಮೇಲೆ.

"ಹುಡುಗ್ರಿಗೆ ಬಟವಾಡೆ ಮಾಡ್ಬೇಕು, ಸ್ವಲ್ಪ ನೋಡಿ ಸರ್" ಎಂದು ಅವನು ಬಂದಾಗಲೆಲ್ಲ ನಿರಾಕರಿಸುವುದು ಕಷ್ಟವೇ. ಎದುರಿಗೆ ನಿಂತ ಆಳಿನ ಮುಖ ನೋಡಿದರೆ ಕೈ ಜೇಬಿಗೆ ಹೋಗುತ್ತದೆ. ಆದರೆ ಮಾಡದ ಕೆಲಸಕ್ಕೆ ದುಡ್ಡು ಕೊಟ್ಟೆವೋ, ಅವನು ವಾಪಸ್ ಬರಲು ಕಾರಣವೇ ಉಳಿಯುವುದಿಲ್ಲ.

ಕೊನೆಗೆ ಮೆಸೇಜಿನಲ್ಲಿ ಬರೆದು ಕಳಿಸಿದೆ: ಬಾಕಿ ಕೆಲಸ ಇಷ್ಟು, ಮುಗಿಸಬೇಕಾದ ತಾರೀಕು ಇದು, ತಪ್ಪಿದರೆ ಇಬ್ಬರೂ ಸೇರಿ ಅಳತೆ ಮಾಡಿ ಲೆಕ್ಕ ಮುಗಿಸೋಣ. ಬೈಗುಳ ಒಂದೂ ಇಲ್ಲ, ಯಾಕೆಂದರೆ ಜಗಳ ಬೆಳೆದರೆ ಮೂರನೆಯವರು ಓದುವುದು ಅದನ್ನೇ. ತಾರೀಕು ದಾಟಿತು. ಅವನಿಗೆ ಸಂಬಂಧವಿಲ್ಲದ ಒಬ್ಬ ಮೇಸ್ತ್ರಿಯನ್ನು ಕರೆಸಿ ಮುಗಿದದ್ದು, ಅರ್ಧವಾದದ್ದು, ಕೆಟ್ಟದ್ದು ಎಂದು ಬೇರೆಬೇರೆ ಬರೆಸಿ ವಿಡಿಯೊ ತೆಗೆದೆ. ಉಳಿದ ಸಾಮಾನಿನಲ್ಲಿ ಯಾವುದು ಅವನದು, ಯಾವುದು ನನ್ನದು ಎಂಬುದಕ್ಕೂ ಪಟ್ಟಿಯಾಯಿತು. ಅಳತೆ ನಡೆಯುತ್ತಿದ್ದಂತೆಯೇ ಕಂಟ್ರಾಕ್ಟರ್ ಪ್ರತ್ಯಕ್ಷ! ಒಂದಿಷ್ಟು ರೇಗಾಡಿದ. ಪಟ್ಟಿಯ ಎದುರು ಕೂತು ಒಂದೊಂದೇ ಸಾಲು ಓದಿದ ಮೇಲೆ ಸ್ವರ ಇಳಿಯಿತು. ಸರಿಪಡಿಸಲು ಆಗುವ ಖರ್ಚು ಕಳೆದು ಬಾಕಿ ಕೊಟ್ಟು, ಲೆಕ್ಕ ಚುಕ್ತಾ ಎಂದು ಸಹಿ ಹಾಕಿಸಿಕೊಂಡೆ. ಅವನ ಆಳುಗಳಿಗೆ ಕೂಲಿ ತಲುಪಿತೇ ಎಂದು ನೇರವಾಗಿ ಅವರನ್ನೇ ಕೇಳಿದೆ. ಇಲ್ಲದಿದ್ದರೆ ಅವರು ನಾಳೆ ನನ್ನ ಬಾಗಿಲಿಗೇ ಬರುತ್ತಾರೆ.

ಹೊಸಬರನ್ನು ಕರೆದಾಗ ಇನ್ನೊಂದು ತಾಪತ್ರಯ. ಹಿಂದಿನವನ ಕೆಲಸವನ್ನು ಹೊಗಳುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. ಎಲ್ಲರೂ "ಪೂರ್ತಿ ಒಡೀಬೇಕು" ಎಂದರು. ಒತ್ತಡದ ಪರೀಕ್ಷೆಯ ಫೋಟೊ ತೋರಿಸಿ ಪೈಪುಗಳನ್ನು ಉಳಿಸಿಕೊಂಡೆ. ಬಚ್ಚಲಿನ ವಾಟರ್‌ಪ್ರೂಫಿಂಗ್ ಅರ್ಧ ಆಗಿತ್ತು, ಅದನ್ನು ಮಾತ್ರ ಮೊದಲಿನಿಂದ ಮಾಡಿಸಿದೆ. ಅರ್ಧ ಅವನದು, ಅರ್ಧ ಇವನದು ಆದರೆ ಮುಂದೆ ನೀರು ಸೋರಿದಾಗ ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಾರೆ, ಗ್ಯಾರಂಟಿ ಯಾರದ್ದೂ ಇರುವುದಿಲ್ಲ.