ಒಂದು ಗಂಟೆಯ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್: ನಾನು ಲೆಕ್ಕ ಹಾಕುವ ರೀತಿ

ಟಿಕೆಟ್‌ನಲ್ಲಿ ಒಂದು ಗಂಟೆ ಎಂದಿದ್ದರೆ ನಾನು ಮೊದಲು ಆ ಗಂಟೆಯನ್ನು ಬಿಡಿಸಿ ನೋಡುತ್ತೇನೆ. ವಿಮಾನ ಗೇಟಿನಿಂದ ಹಿಂದೆ ಸರಿದಾಗ ಶುರುವಾಗುವ ಲೆಕ್ಕ, ಇಳಿದು ತನ್ನ ಜಾಗದಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇ ತಲುಪಲು 12 ನಿಮಿಷ, ಮೇಲೇರಿ ಬೆಲ್ಟ್ ದೀಪ ಆರುವ ತನಕ 10, ಇಳಿಯುವ ಮುಂಚೆ ದೀಪ ಮತ್ತೆ ಹತ್ತಿದ ಮೇಲೆ 10, ನೆಲ ಮುಟ್ಟಿದ ಮೇಲೆ 5 ಎಂದಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 23 ನಿಮಿಷ. ಸೀಟು ಒರಗಿಸುವುದು, ಊಟ, ಕಾಫಿ ಎಲ್ಲ ಅಷ್ಟರಲ್ಲೇ ಆಗಬೇಕು. ಆದ್ದರಿಂದ ಗಂಟೆ, ಒಂದೂವರೆ ಗಂಟೆಯ ಹಾರಾಟಕ್ಕೆ ಮುಂದಿನ ಕ್ಯಾಬಿನ್‌ನ, ಅಂದರೆ ಬಿಸಿನೆಸ್ ಕ್ಲಾಸಿನ, ಟಿಕೆಟ್ ತೆಗೆಸುವಾಗ ನಾನು ಆಕಾಶದಲ್ಲಿ ಏನು ಸಿಗುತ್ತದೆ ಎನ್ನುವುದಕ್ಕಿಂತ ನೆಲದ ಮೇಲೆ ಏನು ಸಿಗುತ್ತದೆ ಎಂದು ಹೆಚ್ಚು ತೂಗಿ ನೋಡುತ್ತೇನೆ.

ಬೆಲೆ ನೋಡುವ ಮೊದಲು ವಿಮಾನ ಯಾವುದು ಎಂದು ನೋಡಬೇಕು. ಬುಕಿಂಗ್ ಪುಟದಲ್ಲಿ ಮೂರಕ್ಷರದ ಸಂಕೇತ ಇರುತ್ತದೆ: 32ಎನ್ ಎಂದರೆ ಎ320 ನಿಯೋ, 7ಎಂ8 ಎಂದರೆ 737 ಮ್ಯಾಕ್ಸ್ 8, ಇ90 ಎಂದರೆ ಎಂಬ್ರೇರ್ 190, ಎಟಿ7 ಎಂದರೆ ಎಟಿಆರ್ 72. ‘ಬಿಸಿನೆಸ್’ ಎಂಬ ಒಂದೇ ಹೆಸರಿನ ಕೆಳಗೆ ಇವುಗಳಲ್ಲಿ ತೀರಾ ಬೇರೆ ಬೇರೆ ವಸ್ತು ಸಿಗುತ್ತದೆ. ಒಂದು ಬಗೆಯಲ್ಲಿ ಸೀಟೇ ಬೇರೆ: ಎರಡು–ಎರಡರ ಸಾಲು, ಅಗಲವಾದ ಕುರ್ಚಿ, ಒಂದು ಸಾಲಿನಿಂದ ಮುಂದಿನ ಸಾಲಿಗೆ 37–38 ಇಂಚು. ಇನ್ನೊಂದು, ಯುರೋಪಿನೊಳಗಿನ ಹಾರಾಟಗಳಲ್ಲಿ ಬಹುತೇಕ ಕಾಣುವ ಬಗೆ. ಅಲ್ಲಿ ಸೀಟು ಎಕಾನಮಿಯದೇ, ಮೂರು–ಮೂರರ ಸಾಲೇ, ನಡುವಿನ ಸೀಟನ್ನು ಮಾತ್ರ ಖಾಲಿ ಬಿಡುತ್ತಾರೆ. ಸಾಲಿನ ಅಂತರ ಸುಮಾರು 30 ಇಂಚು, ಹಿಂದೆ ಕೂತವರಿಗೂ ಹೆಚ್ಚುಕಡಿಮೆ ಅಷ್ಟೇ. ಬಿಸಿನೆಸ್ ಟಿಕೆಟ್ ಎಷ್ಟು ಮಾರಾಟವಾಗಿದೆ ಎಂಬುದನ್ನು ನೋಡಿಕೊಂಡು, ಎಕಾನಮಿಯಿಂದ ಬೇರ್ಪಡಿಸುವ ಪರದೆಯನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ. ಒಂದು ದಿನ ಮೂರನೇ ಸಾಲಿಗೆ ನಿಂತ ಪರದೆ ಮರುದಿನ ಎಂಟನೇ ಸಾಲಿನಲ್ಲಿ ಇರಬಹುದು.

ಇವೆರಡನ್ನು ಸೀಟ್ ಮ್ಯಾಪ್‌ನಲ್ಲೇ ಗುರುತಿಸಬಹುದು. ಅಕ್ಷರ ನೋಡಿ ಮೋಸಹೋಗಬಾರದು, ಎರಡರಲ್ಲೂ ಎ, ಸಿ, ಡಿ, ಎಫ್ ಎಂದೇ ತೋರಿಸಬಹುದು. ಮುಂದಿನ ಸಾಲಿನ ಸೀಟುಗಳು ಹಿಂದಿನ ಎಕಾನಮಿ ಸೀಟುಗಳ ನೇರಕ್ಕೇ ಇದ್ದು ನಡುವೆ ಬೂದು ಚೌಕವೋ ಖಾಲಿ ಜಾಗವೋ ಕಂಡರೆ ಅದು ನಡುಸೀಟು ಬಿಟ್ಟ ಬಗೆ. ಚೌಕಗಳೇ ದೊಡ್ಡವಾಗಿ, ಹಿಂದಿನವುಗಳ ಸಾಲಿಗೆ ಹೊಂದದೆ ಕೂತಿದ್ದರೆ ನಿಜವಾದ ದೊಡ್ಡ ಸೀಟು. ಅನುಮಾನ ಉಳಿದರೆ ಸಾಲಿನ ಅಂತರದ ಅಂಕಿ ಹುಡುಕಿ. 30–31 ಎಂದಿದ್ದರೆ ಅದು ಎಕಾನಮಿ ಸೀಟೇ, ಮತ್ತೆ ಯೋಚಿಸುವುದೇ ಬೇಡ. ಹಾಗೆಂದು ನಡುಸೀಟು ಖಾಲಿ ಇರುವುದು ಏನೂ ಅಲ್ಲ ಎನ್ನಲಾರೆ. ಮೊಣಕೈ ಚಾಚಿ ಲ್ಯಾಪ್‌ಟಾಪ್ ಬಳಸಬೇಕಾದವರಿಗೆ ಅದೇ ದೊಡ್ಡ ಉಪಕಾರ. ಕಾಲಿನ ಜಾಗ ಬೇಕಾದವರಿಗೆ ಅದರಿಂದ ಏನೂ ಸಿಗುವುದಿಲ್ಲ, ಅಂಥವರು ಎಕಾನಮಿಯಲ್ಲೇ ತುರ್ತು ನಿರ್ಗಮನದ ಸಾಲು ಹಿಡಿಯುವುದು ಮೇಲು.

ಎಂಬ್ರೇರ್ 190ರಂಥ ಜೆಟ್‌ಗಳಲ್ಲಿ ನಡುಸೀಟು ಎಂಬುದೇ ಇಲ್ಲ, ಎಕಾನಮಿ ಸೀಟೆಲ್ಲ ಎರಡು–ಎರಡು. ಅಲ್ಲಿ ಯುರೋಪಿನ ಕ್ರಮವೆಂದರೆ ಪಕ್ಕದ ಸೀಟನ್ನು ಖಾಲಿ ಬಿಡುವುದು, ಅಂದರೆ ಆ ಬದಿ ಪೂರ್ತಿ ನಿಮ್ಮದು. ಅಮೆರಿಕದ ಎಂಬ್ರೇರ್ 175ಗಳಲ್ಲಿ ಮುಂದಿನ ಕ್ಯಾಬಿನ್ ಒಂದು–ಎರಡರ ಸಾಲು. ಎಡಗಡೆಯ ಒಂಟಿ ಸೀಟು ಕಿಟಕಿಯೂ ಹೌದು, ನಡುದಾರಿಯೂ ಹೌದು. ಒಬ್ಬರೇ ಹೋಗುವುದಾದರೆ ಚಿಕ್ಕ ವಿಮಾನದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಎಟಿಆರ್ 72ರ ವಿಷಯ ತಿರುಗುಮುರುಗು. ಅದರ ಪ್ರಯಾಣಿಕರ ಬಾಗಿಲು ಹಿಂದುಗಡೆ, ಕಾಕ್‌ಪಿಟ್ ಹಿಂದೆ ಸಾಮಾನಿನ ಖಾನೆ, ಅದರ ಹಿಂದೆ ಮೊದಲ ಸಾಲು. ಮುಂದೆ ಕೂತವರು ಕೊನೆಗೆ ಇಳಿಯಬೇಕು, ಪ್ರೊಪೆಲರ್ ಸದ್ದೂ ಮುಂದೆಯೇ ಜಾಸ್ತಿ. ಎಟಿಆರ್‌ನಲ್ಲಿ ಮುಂದಿನ ಸಾಲಿಗೆ ಹೆಚ್ಚು ದುಡ್ಡು ಕೇಳಿದರೆ ನಾನು ಕೊಡುವುದಿಲ್ಲ.

ಸಣ್ಣ ವಿಮಾನಗಳಲ್ಲಿ ತಲೆ ಮೇಲಿನ ಖಾನೆಯೂ ಸಣ್ಣದು. ಬಿಸಿನೆಸ್ ಟಿಕೆಟ್ ಎರಡು ಕೈಚೀಲ ಒಯ್ಯಲು ಬಿಟ್ಟರೂ ಚಕ್ರದ ಪೆಟ್ಟಿಗೆ ಒಳಗೆ ಹೋಗದೆ ವಿಮಾನದ ಬಾಗಿಲಲ್ಲೇ ಟ್ಯಾಗ್ ಹಾಕಿ ಕೆಳಗೆ ಕಳಿಸುತ್ತಾರೆ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೆಳಗಿನ ಸರಕಿನ ಖಾನೆಗೆ ಹೋಗಕೂಡದು. ಆಗ ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆ ಬಿಚ್ಚಿ ಹುಡುಕುವ ಸ್ಥಿತಿ ಬರಬಾರದೆಂದು ಅವನ್ನೂ ಔಷಧಿ, ಪಾಸ್‌ಪೋರ್ಟ್‌ಗಳನ್ನೂ ಒಂದು ಪುಟ್ಟ ಚೀಲಕ್ಕೆ ಹಾಕಿ ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡುತ್ತೇನೆ. ಕೇಳಿದ ತಕ್ಷಣ ಅದನ್ನು ಎತ್ತಿಕೊಂಡರೆ ಮುಗಿಯಿತು.

ಸಾಲಿನ ಆಯ್ಕೆಗೆ ಬಂದರೆ, ಒಂದನೇ ಸಾಲಿಗೆ ಎಲ್ಲರೂ ಮುಗಿಬೀಳುತ್ತಾರೆ. ನಾನು ಎರಡನೆಯದಕ್ಕೆ ಹೋಗುತ್ತೇನೆ. ಒಂದನೇ ಸಾಲಿನ ಎದುರು ಗೋಡೆ. ಮುಂದೆ ಸೀಟಿಲ್ಲದ ಮೇಲೆ ಚೀಲ ತೂರಿಸಲು ಸೀಟಿನಡಿ ಜಾಗವೂ ಇಲ್ಲ, ಹಾರುವಾಗಲೂ ಇಳಿಯುವಾಗಲೂ ಎಲ್ಲ ಮೇಲಿನ ಖಾನೆಯಲ್ಲೇ ಇರಬೇಕು. ಮೊದಲ ಖಾನೆಯಲ್ಲಿ ಅರ್ಧ ಜಾಗವನ್ನು ಸುರಕ್ಷಾ ಸಲಕರಣೆಗಳು ತಿಂದಿರುವುದೂ ಉಂಟು. ಊಟದ ಹಲಗೆ ಮುಂದಿನ ಸೀಟಿನ ಬೆನ್ನಿನಿಂದ ಇಳಿಯುವ ಬದಲು ಕೈಯಾಸರೆಯ ಒಳಗಿನಿಂದ ಎದ್ದುಬರುತ್ತದೆ: ಮುಚ್ಚಳ ಎತ್ತಿ, ಹಲಗೆಯನ್ನು ಮೇಲಕ್ಕೆಳೆದು, ಅಡ್ಡಕ್ಕೆ ಬಾಗಿಸಿ, ಮಡಿಕೆ ಬಿಡಿಸಬೇಕು. ಅದನ್ನು ಹೊಟ್ಟೆಯೊಳಗಿಟ್ಟುಕೊಂಡ ಕೈಯಾಸರೆ ದಪ್ಪ, ಮೇಲೆ ಎತ್ತಲು ಬರುವುದಿಲ್ಲ, ಹಾಗಾಗಿ ಕೂರುವ ಅಗಲ ಒಂದಿಷ್ಟು ಕಡಿಮೆ. ಜೊತೆಗೆ ಗ್ಯಾಲಿಯ, ಅಂದರೆ ವಿಮಾನದ ಅಡುಗೆ ಜಾಗದ, ಬೆಳಕು, ಶೌಚಾಲಯಕ್ಕೆ ಬಂದು ನಿಲ್ಲುವವರು. ಪರದೆಗೆ ತಾಗಿದ ಕೊನೆಯ ಸಾಲೂ ಬೇಡ, ಊಟ ಅಲ್ಲಿಗೆ ತಲುಪುವಾಗ ವಿಮಾನ ಇಳಿಯಲು ಶುರುಮಾಡಿರುತ್ತದೆ.

ಈಗ ದುಡ್ಡು. ಎಕಾನಮಿಯ ಅತಿ ಅಗ್ಗದ ದರವನ್ನು ಬಿಸಿನೆಸ್ ಜೊತೆ ಹೋಲಿಸುವುದೇ ತಪ್ಪು. ಅದು 100 ಇದ್ದು ಬಿಸಿನೆಸ್ 220 ಇದೆ ಎನ್ನೋಣ. ಆ 100ಕ್ಕೆ ನಿಮಗೆ ಹೇಗೂ ಬೇಕಾಗುವ ಚೆಕ್-ಇನ್ ಪೆಟ್ಟಿಗೆಯ ಶುಲ್ಕ, ಸೀಟು ಆರಿಸುವ ಶುಲ್ಕ, ದಿನ ಬದಲಿಸುವ ಸಂಭವವಿದ್ದರೆ ಅದರ ಶುಲ್ಕ, ವಿಮಾನ ನಿಲ್ದಾಣದಲ್ಲಿ ತಿನ್ನುವ ಖರ್ಚು ಸೇರಿಸಿ. 165 ಆಯಿತೆಂದರೆ ನಿಜವಾದ ಅಂತರ 120 ಅಲ್ಲ, 55. ಕೈಚೀಲ ಮಾತ್ರ ಹಿಡಿದು, ದಿನ ಬದಲಿಸದೆ ಹೋಗುವವರಿಗೆ ಅಂತರ 120 ಆಗಿಯೇ ಉಳಿಯುತ್ತದೆ, ಅವರಿಗೆ ಇದು ನಷ್ಟದ ವ್ಯಾಪಾರ. ಸಭೆ ಎಷ್ಟು ಹೊತ್ತಿಗೆ ಮುಗಿಯುತ್ತದೋ ಗೊತ್ತಿಲ್ಲ, ಅದೇ ದಿನ ಮುಂಚಿನ ವಿಮಾನಕ್ಕೋ ನಂತರದ್ದಕ್ಕೋ ಬದಲಿಸಬೇಕಾಗಬಹುದು ಎನ್ನುವವರಿಗೆ ಬದಲಾಯಿಸಬಹುದಾದ ಟಿಕೆಟ್ ಬಂಗಾರ. ಆದರೆ ಬಿಸಿನೆಸ್ ಎಂದಾಕ್ಷಣ ಬದಲಾಯಿಸಬಹುದು ಎಂದೇನಿಲ್ಲ. ಅದರೊಳಗೂ ದರದ ದರ್ಜೆಗಳಿವೆ, ಒಂದೊಂದಕ್ಕೂ ಒಂದು ಅಕ್ಷರ. ಸಾಮಾನ್ಯವಾಗಿ ಜೆ ಅಕ್ಷರದ್ದು ಪೂರ್ಣ ದರ, ಡಿ, ಐ, ಝಡ್‌ನಂಥವು ರಿಯಾಯಿತಿಯವು. ಅಕ್ಷರಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ದುಡ್ಡು ಕಟ್ಟುವ ಮೊದಲು ಆ ಟಿಕೆಟ್‌ನ ದರ ನಿಯಮವನ್ನೇ ತೆರೆದು ಓದಬೇಕು.

ಎಕಾನಮಿ ತೆಗೆದು ಆಮೇಲೆ ಮೇಲ್ದರ್ಜೆಗೆ ಹೋಗುವ ದಾರಿಯೂ ಇದೆ: ಹರಾಜಿನಂತೆ ಮೊತ್ತ ಕೂಗುವುದು ಒಂದು, ಚೆಕ್-ಇನ್ ವೇಳೆಗೆ ಬರುವ ಕೊಡುಗೆ ಇನ್ನೊಂದು. ಇಲ್ಲಿ ಎಡವುವುದು ಎಲ್ಲಿ ಎಂದರೆ, ಸೀಟು ಬದಲಾದರೂ ಎಷ್ಟೋ ಸಲ ಬದಲಾವಣೆ, ಮರುಪಾವತಿ, ಮೈಲ್‌ಗಳ (ಪ್ರಯಾಣಕ್ಕೆ ಸಿಗುವ ಅಂಕಗಳ) ನಿಯಮ ಹಳೆಯ ಟಿಕೆಟ್‌ನದೇ ಉಳಿಯುತ್ತದೆ. ಪೆಟ್ಟಿಗೆಯ ಮಿತಿ ಹೆಚ್ಚುತ್ತದೋ ಇಲ್ಲವೋ, ಲೌಂಜ್ (ನಿಲ್ದಾಣದಲ್ಲಿ ಕೂತು ತಿನ್ನುವ ವಿಶ್ರಾಂತಿ ಕೋಣೆ) ಸೇರಿದೆಯೋ ಇಲ್ಲವೋ ಎನ್ನುವುದನ್ನು ಕೊಡುಗೆಯ ಪುಟದಲ್ಲೇ ನೋಡಿಕೊಳ್ಳಬೇಕು. ಆ ಎರಡೂ ಇಲ್ಲದೆ ಹೋದರೆ ನೀವು ಕೊಂಡದ್ದು 23 ನಿಮಿಷದ ಸೀಟು ಮಾತ್ರ.

ಲೌಂಜ್ ಲೆಕ್ಕಕ್ಕೆ ಬರಬೇಕಾದರೆ ಅಲ್ಲಿ ಮುಕ್ಕಾಲು ಗಂಟೆಯಾದರೂ ಕೂರುವಂತಿರಬೇಕು. ನಾನು ಊಟವನ್ನು ಅಲ್ಲೇ ಮುಗಿಸುತ್ತೇನೆ. ವಿಮಾನದ ಓವನ್‌ನಲ್ಲಿ ತಟ್ಟೆಗಳು ಬಿಸಿಯಾಗಲು 20 ನಿಮಿಷದ ಹತ್ತಿರ ಬೇಕು, ಆದ್ದರಿಂದ ಚಿಕ್ಕ ಹಾರಾಟದಲ್ಲಿ ಬಹುಪಾಲು ತಣ್ಣನೆಯ ತಟ್ಟೆಯೇ ಬರುತ್ತದೆ. ಮೇಲೆ ಕ್ಯಾಬಿನ್ ಗಾಳಿ ಒಣಗಿರುತ್ತದೆ, ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು, ಉಪ್ಪು ಸಿಹಿ ಎರಡೂ ನಾಲಿಗೆಗೆ ಸಪ್ಪೆ. ವಿಮಾನದಲ್ಲೇ ತಿನ್ನಬೇಕೆಂದಿದ್ದು ಪಥ್ಯದ ಊಟ ಬೇಕಿದ್ದರೆ ಸಾಮಾನ್ಯವಾಗಿ 24 ಗಂಟೆ ಮುಂಚೆ ಹೇಳಿರಬೇಕು. ಕಾಫಿ ಬೇಕೆಂದರೆ ಊಟದ ಜೊತೆಗೇ ಕೇಳಿ, ತಟ್ಟೆ ತೆಗೆದ ಮೇಲೆ ಕೇಳಿದರೆ ಗ್ಯಾಲಿ ಮುಚ್ಚಿರುತ್ತದೆ.

ಮೊದಲು ಹತ್ತುವ ಸೌಲಭ್ಯ ಏರೋಬ್ರಿಜ್ (ಗೇಟಿನಿಂದ ವಿಮಾನದ ಬಾಗಿಲಿಗೆ ಹೋಗುವ ಸೇತುವೆ) ಇದ್ದಾಗ ಉಪಯೋಗ. ಬಸ್ಸಿನಲ್ಲಿ ಕರೆದೊಯ್ಯುವುದಾದರೆ, ಮುಂದಿನ ಕ್ಯಾಬಿನ್‌ನವರಿಗೆ ಬೇರೆ ಬಸ್ಸು ಇಲ್ಲದಿದ್ದರೆ, ಮೊದಲು ಹತ್ತಿದವರು ಒಳಗೆ ಸೇರಿಕೊಂಡು ಕೊನೆಗೆ ಇಳಿಯುತ್ತಾರೆ. ಹಾಗಿದ್ದಾಗ ನಾನು ಕಡೆಯಲ್ಲಿ ಹತ್ತಿ ಬಾಗಿಲ ಬಳಿ ನಿಲ್ಲುತ್ತೇನೆ. ಇಳಿಯುವಾಗಲೂ ಅದೇ ಮಾತು: ಮೊದಲು ಬಸ್ಸು ಸೇರಿದರೂ ಅದು ತುಂಬುವ ತನಕ ಹೊರಡುವುದಿಲ್ಲ.

ಪೆಟ್ಟಿಗೆಗೆ ಪ್ರಯಾರಿಟಿ ಟ್ಯಾಗ್ ಕಟ್ಟಿದ್ದಾರೋ ಎಂದು ಕೌಂಟರ್‌ನಲ್ಲೇ ಕಣ್ಣಾರೆ ನೋಡಿ, ಮರೆತಿದ್ದರೆ ಕೇಳಿ ಕಟ್ಟಿಸಿ, ಹಳೆಯ ಪ್ರಯಾಣದ ಟ್ಯಾಗ್ ಕಿತ್ತುಹಾಕಿ. ಒಂದೇ ಪೆಟ್ಟಿಗೆ 32 ಕಿಲೋ ಮೀರಬಾರದು. ಟಿಕೆಟ್‌ನಲ್ಲಿ 40 ಕಿಲೋ ಇದ್ದರೂ ಎರಡಾಗಿ ಹಂಚಬೇಕು. 737ರಂಥ ವಿಮಾನದಲ್ಲಿ ಪೆಟ್ಟಿಗೆಗಳನ್ನು ಕಂಟೇನರ್ ಇಲ್ಲದೆ ಬಿಡಿಬಿಡಿಯಾಗಿ ಒಟ್ಟುತ್ತಾರೆ. ಟ್ಯಾಗ್ ಇದ್ದವನ್ನು ಕೊನೆಗೆ, ಬಾಗಿಲ ಹತ್ತಿರ ಇಟ್ಟರೆ ಮಾತ್ರ ಅವು ಮೊದಲು ಇಳಿಯುತ್ತವೆ. ವಿಮಾನ ತಿರುಗಿ ಹೊರಡುವ ಆತುರದಲ್ಲಿ ಈ ವಿಂಗಡಣೆ ತಪ್ಪುವುದು ಸಾಮಾನ್ಯ, ಅದನ್ನು ನಂಬಿ ಮುಂದಿನ ರೈಲಿಗೆ ಟಿಕೆಟ್ ಮಾಡಿಸಬಾರದು.

ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾಗಿ ಮುಂದಿನ ಕ್ಯಾಬಿನ್ ಇಲ್ಲದ್ದೋ ಕಡಿಮೆ ಸೀಟಿನದ್ದೋ ಬಂದರೆ ಕೆಳದರ್ಜೆಗೆ ಇಳಿಸುತ್ತಾರೆ. ಹಿಂದಿನ ದಿನ ಸೀಟ್ ಮ್ಯಾಪ್ ಮತ್ತೊಮ್ಮೆ ತೆರೆದರೆ ಇದು ಮುಂಚೆಯೇ ತಿಳಿಯುತ್ತದೆ: ನಿಮ್ಮ ಸೀಟಿನ ಸಂಖ್ಯೆ ಮಾಯವಾಗಿದ್ದರೆ ಅಥವಾ ನಕ್ಷೆಯೇ ಬೇರೆಯಾಗಿದ್ದರೆ ಕೂಡಲೇ ಫೋನ್ ಮಾಡಿ. ಯುರೋಪ್ ಒಕ್ಕೂಟದ 2004ರ 261ನೇ ನಿಯಮ ಅನ್ವಯಿಸುವ ಕಡೆ, 1,500 ಕಿಲೋಮೀಟರ್ ಒಳಗಿನ ಹಾರಾಟಕ್ಕೆ ದರದ 30 ಶೇಕಡಾವನ್ನು ಏಳು ದಿನದೊಳಗೆ ಹಿಂದಿರುಗಿಸಬೇಕು. ಈ ಲೆಕ್ಕ ಇಳಿಸಿದ ಆ ಒಂದು ಹಾರಾಟದ ದರಕ್ಕೆ, ಇಡೀ ಪ್ರಯಾಣದ್ದಕ್ಕಲ್ಲ. ಎರಡು ಹಾರಾಟಗಳಿಗೆ ಒಂದೇ ಟಿಕೆಟ್ ಇದ್ದರೆ ಚಿಕ್ಕದರ ಪಾಲು ಚಿಕ್ಕದೇ ಆಗಿರುತ್ತದೆ. ಹಳೆಯ ಸೀಟು ಸಂಖ್ಯೆ ಇರುವ ಬೋರ್ಡಿಂಗ್ ಪಾಸ್‌ನ ಚಿತ್ರ, ಗೇಟಿನಲ್ಲಿ ಕೊಟ್ಟ ಹೊಸ ಪಾಸ್ ಎರಡನ್ನೂ ಇಟ್ಟುಕೊಳ್ಳಿ. ಕಾರಣವನ್ನು ಗೇಟಿನಲ್ಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ವಿಮಾನ ಹೊರಟ ಮೇಲೆ ಆ ಕಾಗದ ಸಿಗುವುದು ಕಷ್ಟ.