ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಅಂಕ ಮತ್ತು ಮನ್ನಣೆ ಗಳಿಸುವ ಬಗೆ

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಆರಂಭಿಸಿದ, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಖಾತೆಯ ಲೆಕ್ಕ 1 ಅಂಕದಿಂದ ಶುರುವಾಗುತ್ತದೆ. ನೀವು ಬರೆದ ಉತ್ತರಕ್ಕೆ ಬೀಳುವ ಪ್ರತಿ ಮೆಚ್ಚುಗೆಯ ಮತಕ್ಕೆ 10 ಅಂಕ ಸೇರುತ್ತದೆ, ಪ್ರಶ್ನೆ ಕೇಳಿದವರು ಅದನ್ನೇ ಸರಿಯುತ್ತರವೆಂದು ಒಪ್ಪಿಕೊಂಡರೆ 15 ಸೇರುತ್ತದೆ, ವಿರುದ್ಧ ಮತ ಬಿದ್ದರೆ 2 ಕಳೆಯುತ್ತದೆ. ಪ್ರಶ್ನೆಗಳಿಗೆ ಬೀಳುವ ಮೆಚ್ಚುಗೆಯ ಮತಕ್ಕೆ 2010ರಿಂದ 5 ಅಂಕವಷ್ಟೇ ಇತ್ತು. 2019ರ ನವೆಂಬರ್‌ನಲ್ಲಿ ಅದನ್ನು ಮತ್ತೆ 10ಕ್ಕೆ ಏರಿಸಲಾಯಿತು. ಒಳ್ಳೆಯ ಪ್ರಶ್ನೆಯೂ ಒಂದು ಕೊಡುಗೆಯೇ ಎಂಬುದನ್ನು ಮತ್ತೆ ಒಪ್ಪಿಕೊಳ್ಳಲು ಅಷ್ಟು ವರ್ಷ ಬೇಕಾಯಿತು ಎನ್ನಬಹುದು.

ಮತಗಳಿಂದ ಒಂದು ದಿನಕ್ಕೆ ಗಳಿಸಬಹುದಾದ ಅಂಕಕ್ಕೆ 200ರ ಮಿತಿಯಿದೆ. ಹಾಗಾಗಿ ಒಂದೇ ದಿನ ಇಪ್ಪತ್ತು ಉತ್ತರಗಳನ್ನು ಗೀಚಿ ಹಾಕುವುದಕ್ಕಿಂತ, ವರ್ಷಗಟ್ಟಲೆ ಹುಡುಕಾಟದಲ್ಲಿ ಸಿಗುತ್ತ ಸಾಗುವ ಒಂದು ಉತ್ತರವನ್ನು ಬರೆಯುವುದು ಲೇಸು.

ಅಂಥ ಉತ್ತರಕ್ಕೆ ಪ್ರಶ್ನೆಯನ್ನು ಆಯ್ದುಕೊಳ್ಳುವುದರಿಂದಲೇ ತೊಡಗಬೇಕು. ಪೈಥಾನ್, ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಂತಹ ದೊಡ್ಡ ಟ್ಯಾಗ್‌ಗಳಲ್ಲಿ (ಪ್ರಶ್ನೆಗೆ ಅಂಟಿಸುವ ವಿಷಯದ ಹೆಸರುಗಳಲ್ಲಿ) ಸುಲಭದ ಪ್ರಶ್ನೆ ಬಂದ ಕೆಲವೇ ನಿಮಿಷಗಳಲ್ಲಿ ಉತ್ತರಗಳು ಮುಗಿಬೀಳುವುದರಿಂದ, ನೀವು ದಿನವೂ ಬಳಸುವ ಯಾವುದಾದರೊಂದು ಲೈಬ್ರರಿಯ (ಸಿದ್ಧ ಕೋಡಿನ ಸಂಗ್ರಹದ) ಸಣ್ಣ ಟ್ಯಾಗ್ ಹಿಡಿದುಕೊಳ್ಳಿ. ಅಲ್ಲಿ ಓದುಗರು ಕಡಿಮೆ, ಆದರೆ ಬರುವವರು ನಿಜವಾಗಿಯೂ ಸಿಕ್ಕಿಬಿದ್ದವರು. ಉತ್ತರಿಸುವ ಮೊದಲು ಪ್ರಶ್ನೆಯಲ್ಲಿರುವ ಕೋಡನ್ನು ನಿಮ್ಮ ಯಂತ್ರದಲ್ಲಿ ಓಡಿಸಿ, ಅದೇ ದೋಷಸಂದೇಶ ಬರುತ್ತದೆಯೇ ನೋಡಿ. ಈ ಒಂದು ಅಭ್ಯಾಸ ಅರ್ಧದಷ್ಟು ತಪ್ಪು ಉತ್ತರಗಳನ್ನು ಹುಟ್ಟುವ ಮೊದಲೇ ತಡೆಯುತ್ತದೆ ಎಂಬುದು ನನ್ನ ಅನಿಸಿಕೆ.

ಒಂದು ಉದಾಹರಣೆ ನೋಡೋಣ. ಪೈಥಾನ್ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಣುಕು) ಒಂದಕ್ಕೆ ಖಾಲಿ ಲಿಸ್ಟನ್ನು (ಪಟ್ಟಿಯನ್ನು) ಡೀಫಾಲ್ಟ್ ಮೌಲ್ಯವಾಗಿ, ಅಂದರೆ ಕರೆಯುವಾಗ ಬೇರೇನೂ ಕೊಡದಿದ್ದರೆ ಬಳಕೆಯಾಗುವ ಮೌಲ್ಯವಾಗಿ ಕೊಟ್ಟವರು, ಎರಡನೆಯ ಸಲ ಕರೆದಾಗ ಹಳೆಯ ಅಂಶಗಳೂ ಅದರಲ್ಲಿ ಉಳಿದಿರುವುದನ್ನು ಕಂಡು ಬೆರಗಾಗುತ್ತಾರೆ. ‘ಅಲ್ಲಿ None (ಏನೂ ಇಲ್ಲ ಎಂಬ ಮೌಲ್ಯ) ಎಂದು ಬರೆಯಿರಿ’ ಎಂಬ ಒಂದು ಸಾಲಿನ ಉತ್ತರದಿಂದ ಕೆಲಸ ನಡೆಯುತ್ತದೆ, ಕಾರಣ ತಿಳಿಯುವುದಿಲ್ಲ. ಡೀಫಾಲ್ಟ್ ಮೌಲ್ಯ ಸಿದ್ಧವಾಗುವುದು ಫಂಕ್ಷನ್ ವ್ಯಾಖ್ಯಾನವಾಗುವಾಗ ಒಂದೇ ಸಲ, ಆಮೇಲಿನ ಎಲ್ಲ ಕರೆಗಳೂ ಅದೇ ಲಿಸ್ಟನ್ನು ಹಂಚಿಕೊಳ್ಳುತ್ತವೆ, ಆದ್ದರಿಂದ None ಕೊಟ್ಟು ಫಂಕ್ಷನ್‌ನ ಒಳಗೆ ಹೊಸ ಲಿಸ್ಟ್ ಮಾಡಿಕೊಳ್ಳಬೇಕು ಎಂದು ವಿವರಿಸಿದರೆ, ಬೇರೆ ಕೋಡಿನಲ್ಲಿ ಎಡವಿದವರಿಗೂ ಅದು ನೆರವಾಗುತ್ತದೆ. ಆದರೆ ಈ ಪ್ರಶ್ನೆಗೆ ಅಲ್ಲಿ ಹಿಂದೆಯೇ ಉತ್ತರ ದೊರೆತಿದೆ. ಅಂಥಲ್ಲಿ ಹೊಸ ಉತ್ತರ ಬರೆಯದೆ, ಪ್ರಶ್ನೆಯನ್ನು ಹಳೆಯದರ ನಕಲು ಎಂದು ಗುರುತಿಸುವುದೇ ಸರಿಯಾದ ದಾರಿ. ಅದಕ್ಕೆ ಅಂಕ ಬಾರದಿರಬಹುದು; ಆ ಟ್ಯಾಗ್‌ನ ಹಳಬರು ನಿಮ್ಮ ಹೆಸರನ್ನು ಗುರುತಿಟ್ಟುಕೊಳ್ಳುವುದು ಮಾತ್ರ ಇಂಥ ಕೆಲಸದಿಂದಲೇ.

ಅಂಕ ಬೆಳೆದಂತೆ ಹೊಣೆಯೂ ಬರುತ್ತದೆ: 50ಕ್ಕೆ ಎಲ್ಲೆಡೆ ಟಿಪ್ಪಣಿ ಬರೆಯುವ, 125ಕ್ಕೆ ವಿರುದ್ಧ ಮತ ಹಾಕುವ, 2,000ಕ್ಕೆ ಪರಿಶೀಲನೆಯಿಲ್ಲದೆ ಇತರರ ಬರಹ ತಿದ್ದುವ, 3,000ಕ್ಕೆ ಪ್ರಶ್ನೆ ಮುಚ್ಚಲು ಮತ ನೀಡುವ ಅಧಿಕಾರ. ಇನ್ನೊಬ್ಬರ ಉತ್ತರಕ್ಕೆ ವಿರುದ್ಧ ಮತ ಹಾಕಿದರೆ ನಿಮ್ಮದೇ 1 ಅಂಕ ಹೋಗುತ್ತದೆ, ಆದ್ದರಿಂದ ಕೈ ಎತ್ತುವ ಮೊದಲು ಯೋಚಿಸಿ.

ಗೆಳೆಯರಿಂದ ಸಾಲುಸಾಲಾಗಿ ಮತ ಹಾಕಿಸಿಕೊಳ್ಳುವ ಆಸೆ ಬೇಡ. ವ್ಯವಸ್ಥೆ ಅದನ್ನು ಪತ್ತೆಹಚ್ಚಿ ಮತಗಳನ್ನು ಹಿಂತೆಗೆಯುತ್ತದೆ. ಚಾಟ್‌ಜಿಪಿಟಿಯಿಂದ ಬರೆಸಿದ ಉತ್ತರಗಳಿಗೂ 2022ರ ಡಿಸೆಂಬರ್‌ನಲ್ಲೇ ನಿಷೇಧ ಬಿದ್ದಿತು. ಅದರ ಬದಲು ನಿಮ್ಮ ಹಳೆಯ ಉತ್ತರಗಳ ಕಡೆಗೆ ಆಗಾಗ ಹಿಂತಿರುಗಿ. ಲೈಬ್ರರಿಯ ಹೊಸ ಆವೃತ್ತಿಯಲ್ಲಿ ಫಂಕ್ಷನ್‌ನ ಹೆಸರು ಬದಲಾಗಿದ್ದರೆ ಉತ್ತರವನ್ನು ತಿದ್ದಿ, ಯಾವ ಆವೃತ್ತಿಗೆ ಯಾವ ಸಾಲು ಹೊಂದುತ್ತದೆ ಎಂಬುದನ್ನು ಮೊದಲಲ್ಲೇ ಬರೆಯಿರಿ. ತಪ್ಪನ್ನು ಟಿಪ್ಪಣಿಯಲ್ಲಿ ಯಾರಾದರೂ ತೋರಿಸಿದ್ದರೆ, ವಾದಕ್ಕಿಳಿಯುವ ಮೊದಲು ಅವರ ಕೋಡನ್ನು ಒಮ್ಮೆ ಓಡಿಸಿ ನೋಡಿ.