ಇಬ್ಬರಿಗೆ ಸಾಕಾಗುವ ಪುಟ್ಟ ಮನೆ: ಬಳ್ಳಾರಿ ಬಿಸಿಲು ನೋಡಿ ಪ್ಲಾನ್ ಹಾಕುವುದು ಹೇಗೆ?

ಮಕ್ಕಳು ಬೆಂಗಳೂರು, ಹೈದರಾಬಾದ್ ಅಂತ ಹೋದ ಮೇಲೆ ಆರು ಕೋಣೆಯ ಮನೆಯಲ್ಲಿ ಉಳಿಯುವುದು ಇಬ್ಬರೇ. ಮೇಲಿನ ಅಂತಸ್ತಿಗೆ ಹತ್ತಲು ಮೊಣಕಾಲು ಒಪ್ಪುವುದಿಲ್ಲ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಹಳೆ ಮನೆ ಮಾರಿ, ಬಳ್ಳಾರಿಯ ಹೊರವಲಯದಲ್ಲಿದ್ದ 30–40ರ ಸೈಟಿನಲ್ಲಿ ಒಂದೇ ಅಂತಸ್ತಿನ ಸಣ್ಣ ಮನೆ ಕಟ್ಟಿಕೊಂಡೆವು.

ಹಳೆ ಮನೆಯಲ್ಲಿ ನಮ್ಮ ಮಲಗುವ ಕೋಣೆ ಪಶ್ಚಿಮಕ್ಕಿತ್ತು. ಅದಕ್ಕೊಂದು ದೊಡ್ಡ ಗಾಜಿನ ಕಿಟಕಿ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಗೋಡೆ ಮುಟ್ಟಿದರೂ ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಬೆಚ್ಚಗಿರುತ್ತಿತ್ತು. ಕೆಲಸಕ್ಕೆ ಹೋಗುತ್ತಿದ್ದಾಗ ಅದನ್ನು ಹೇಗೋ ಸಹಿಸಿಕೊಂಡೆವು. ನಿವೃತ್ತಿ ಆದ ಮೇಲೆ ಹಗಲೆಲ್ಲ ಮನೆಯಲ್ಲೇ ಇರಬೇಕು, ಅಲ್ವಾ? ಬಿಸಿಲು ಜಾಸ್ತಿ ಅಂತ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರವೇ ನಮ್ಮ ಭಾಗದ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಆ ಹೊತ್ತಿನ ನಂತರದ ಬಿಸಿಲನ್ನು ನಿಮ್ಮ ಮನೆ ತಡೆಯಬೇಕು. ಹಾಗಾಗಿ ಯಾವ ಹೊತ್ತಿಗೆ ಎಲ್ಲಿ ಕೂರುತ್ತೀರಿ, ಎಲ್ಲಿ ಮಲಗುತ್ತೀರಿ ಎಂದು ಗಡಿಯಾರ ನೋಡಿ ಪ್ಲಾನ್ ಹಾಕಿ. ಕೋಣೆ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಬಹುದು.

ಮೊದಲು ಖಾಲಿ ಸೈಟಿನಲ್ಲಿ ಒಂದು ದಿನ

ಇಂಜಿನಿಯರ್ ಹತ್ತಿರ ಹೋಗುವ ಮುಂಚೆ ಒಂದು ದಿನ ಸೈಟಿಗೆ ಹೋಗಿ. ಒಂದು ಉದ್ದ ಕೋಲು ನೆಟ್ಟು ಬೆಳಗ್ಗೆ 8ಕ್ಕೆ, ನಡು ಮಧ್ಯಾಹ್ನ, ಸಂಜೆ 4.30ಕ್ಕೆ ಅದರ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿ. ಏಪ್ರಿಲ್–ಮೇನಲ್ಲಿ ಬಳ್ಳಾರಿಯ ನಿಜವಾದ ನಡು ಮಧ್ಯಾಹ್ನ 12.20ರ ಸುಮಾರಿಗೆ. ಪಕ್ಕದ ಮನೆಯ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಪಶ್ಚಿಮಕ್ಕೆ ಎರಡಂತಸ್ತಿನ ಮನೆಯಿದ್ದರೆ ಅದು ನಿಮ್ಮ ಭಾಗ್ಯ.

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮೇ ಶುರುವಿನಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೆ ಇನ್ನೊಮ್ಮೆ. ಅಂದು ನಡು ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡರ ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅನ್ನುವ ಮಾತು ನಮ್ಮ ಊರಿಗೆ ಪೂರ್ತಿ ಒಪ್ಪುವುದಿಲ್ಲ. ಮೇ ತಿಂಗಳ ಸಂಜೆ ಅಲ್ಲೂ ಓರೆ ಬಿಸಿಲು ಬೀಳುತ್ತದೆ. ಆ ಕಿಟಕಿಯ ಪಶ್ಚಿಮ ಪಕ್ಕಕ್ಕೆ ಒಂದು ಕಲ್ಲಿನ ಚಪ್ಪಡಿ ನಿಲ್ಲಿಸಿದರೆ ಸಾಕು.

ಪಶ್ಚಿಮದ ಗೋಡೆ

ಇಡೀ ಪ್ಲಾನಿನಲ್ಲಿ ಜಾಸ್ತಿ ತಲೆ ಓಡಿಸಬೇಕಾದ್ದು ಇಲ್ಲೇ. ಎಲ್ಲ ಕಿಟಕಿಯ ಮೇಲೂ ಹೊರಕ್ಕೆ ಎರಡು ಅಡಿ ಚಾಚುವ ಸಜ್ಜಾ ಹಾಕಿಬಿಡೋಣ ಅನ್ನುತ್ತಾರೆ ಗೌಂಡಿಗಳು. ದಕ್ಷಿಣಕ್ಕೆ ಅದು ಸರಿ. ನಾಲ್ಕು ಅಡಿ ಎತ್ತರದ ದಕ್ಷಿಣ ಕಿಟಕಿಗೆ ಎರಡು ಅಡಿ ಸಜ್ಜಾ ಇದ್ದರೆ ಫೆಬ್ರವರಿ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ನಡು ಮಧ್ಯಾಹ್ನ ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಕೆಳಗಿನ ಒಂದೂವರೆ ಅಡಿಯಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಚಳಿಗಾಲದಲ್ಲಿ ಅದೂ ಬೇಕು.

ಅದೇ ಸಜ್ಜಾ ಪಶ್ಚಿಮಕ್ಕೆ ಹಾಕಿ ನೋಡಿ. ಏಪ್ರಿಲ್‌ನಲ್ಲಿ ಸಂಜೆ 4.30ಕ್ಕೆ ಸೂರ್ಯ ನೆಲದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ, ಅದೂ ನೇರ ಎದುರಿಗೆ. ಎರಡು ಅಡಿ ಸಜ್ಜಾದ ನೆರಳು ಆಗ ಒಂದು ಅಡಿಗಿಂತ ಸ್ವಲ್ಪ ಕೆಳಗೆ ಬಂದು ನಿಂತುಬಿಡುತ್ತದೆ. ಉಳಿದ ಮೂರು ಅಡಿ ಕಿಟಕಿಯಿಂದ ಬಿಸಿಲು ಮಂಚದ ಮೇಲೆ. ಇಟ್ಟಿಗೆ ಗೋಡೆಯಂತೂ ಮಧ್ಯಾಹ್ನ ಕುಡಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಒಳಗೆ ಬಿಡುತ್ತದೆ. ಹಾಗಾಗಿ ಪಶ್ಚಿಮಕ್ಕೆ ಸಜ್ಜಾ ನಂಬಬೇಡಿ. ಆ ಕಡೆ ನಾವು ಕೂರದ, ಮಲಗದ ಜಾಗಗಳನ್ನು ಸಾಲಾಗಿ ಇಡಿ. ತಾರಸಿಗೆ ಹೋಗುವ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ, ಬಟ್ಟೆ ಒಗೆಯುವ ಜಾಗ. ಐದು ಅಡಿ ಅಗಲದ ಈ ಪಟ್ಟಿ ಮನೆಗೆ ಕೊಡೆ ಹಿಡಿದ ಹಾಗೆ. ಇನ್ನೊಂದು ಲಾಭವೂ ಇದೆ. ಸಂಜೆ ಬಿಸಿಲು ಬಿದ್ದ ಬಚ್ಚಲಿನ ನೆಲ ಬೇಗ ಒಣಗುತ್ತದೆ. ವಯಸ್ಸಾದವರು ಜಾರಿ ಬೀಳುವ ಭಯ ಅಷ್ಟು ಕಡಿಮೆ.

ಇಲ್ಲಿ ವಾಸ್ತುವಿನ ಪ್ರಶ್ನೆ ಬಂದೇ ಬರುತ್ತದೆ. ಯಜಮಾನರ ಕೋಣೆ ನೈಋತ್ಯಕ್ಕೆ ಇರಬೇಕು ಅಂತಾರೆ, ಅಂದರೆ ಸಂಜೆಯ ಬಿಸಿಲು ಬಡಿಯುವ ಮೂಲೆಗೇ. ನಮ್ಮ ಮನೆಯಲ್ಲೂ ಹಿರಿಯರು ಇದಕ್ಕೆ ಪಟ್ಟು ಹಿಡಿದರು. ಜಗಳ ಬೇಡ ಅಂತ ಹೀಗೆ ಮಾಡಿದೆವು: ನೈಋತ್ಯದ ತುದಿಗೆ ಹೊರಗಿನ ಮೆಟ್ಟಿಲು, ಅದಕ್ಕೆ ಅಂಟಿ ಉತ್ತರಕ್ಕೆ ಬಚ್ಚಲು, ಇವೆರಡರ ಒಳಪಕ್ಕಕ್ಕೆ, ಅಂದರೆ ಪೂರ್ವಕ್ಕೆ, ಮಲಗುವ ಕೋಣೆ. ಮೆಟ್ಟಿಲಿಗೆ ದಕ್ಷಿಣ, ಪಶ್ಚಿಮ ಒಳ್ಳೆಯದು ಅಂತ ವಾಸ್ತು ನೋಡುವವರೂ ಹೇಳುತ್ತಾರೆ. ಕೋಣೆ ನೈಋತ್ಯ ಭಾಗದಲ್ಲೇ ಉಳಿಯಿತು, ಆದರೆ ಅದರ ಗೋಡೆಗೆ ಪಶ್ಚಿಮದ ಬಿಸಿಲು ತಾಗುವುದಿಲ್ಲ. ಇಷ್ಟಕ್ಕೂ ಜಾಗ ಸಾಲದಿದ್ದರೆ ಪಶ್ಚಿಮ ಗೋಡೆಯ ಉದ್ದಕ್ಕೂ ವಾರ್ಡ್‌ರೋಬ್ ಮಾಡಿಸಿ, ಮಂಚವನ್ನು ಪೂರ್ವದ ಗೋಡೆಗೆ ಸರಿಸಿ.

ಅಡುಗೆಮನೆ ಆಗ್ನೇಯಕ್ಕೆ ಇರಲಿ. ಬೆಳಗಿನ ಬೆಳಕು ಸಿಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಒಲೆಯ ಕೆಲಸ ಮುಗಿದಿರುತ್ತದೆ.

ಹಗಲಿನ ಜಾಗ ಈಶಾನ್ಯಕ್ಕೆ

ಪಡಸಾಲೆ ಈಶಾನ್ಯಕ್ಕೆ ಬರಲಿ, ಅದರ ಮುಂದೆ ಪೂರ್ವಕ್ಕೊಂದು ಕಟ್ಟೆ. ನಮ್ಮ ಕಡೆ ಹಳೆ ಮಾಳಿಗೆ ಮನೆಗಳಲ್ಲಿ, ಅಂದರೆ ಮಣ್ಣಿನ ಚಪ್ಪಟೆ ಛಾವಣಿಯ ಮನೆಗಳಲ್ಲಿ, ಕಟ್ಟೆ ಇಲ್ಲದ ಮನೆಯೇ ಅಪರೂಪ. ಡಿಸೆಂಬರಿನ ಬೆಳಗ್ಗೆ ಚಹಾ ಹಿಡಿದು ಅಲ್ಲಿ ಕೂತರೆ ಎಳೆ ಬಿಸಿಲು ಕಾಲಿಗೆ ಬೀಳುತ್ತದೆ. ಮಧ್ಯಾಹ್ನದ ನಂತರ ಅದೇ ಕಟ್ಟೆ ಮನೆಯ ನೆರಳಿಗೆ ಬರುತ್ತದೆ. ಸಂಜೆ ಅಕ್ಕಪಕ್ಕದವರು ಬಂದು ಕೂರುವುದೂ ಅಲ್ಲೇ. ಈ ಕಟ್ಟೆಗೆ ಆರು ಅಡಿ ಅಗಲ ಕೊಡಿ, ಸುಮ್ನೆ ನೆಪಕ್ಕೆ ಎರಡು ಅಡಿ ಬೇಡ.

ಸೈಟು ಪಶ್ಚಿಮಮುಖಿ ಆಗಿದ್ದರೆ ಏನು ಮಾಡುವುದು ಅಂತ ತುಂಬಾ ಜನ ಕೇಳುತ್ತಾರೆ. ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಛಾವಣಿ ಹಾಕಿ, ಅದಕ್ಕೆ ಬಿದಿರಿನ ತಟ್ಟಿ ಇಳಿಬಿಡಿ. ಮಲಗುವ ಕೋಣೆ, ಕಟ್ಟೆ ಎರಡನ್ನೂ ಹಿಂದಕ್ಕೆ, ಹಿತ್ತಲಿನ ಕಡೆ ತಿರುಗಿಸಿ. ಬೇವು, ಹೊಂಗೆ ನೆಡುವ ಆಸೆಯಿದ್ದರೆ ರಸ್ತೆ ಬದಿಗೆ ನೆಡಿ. ಎರೆ ಮಣ್ಣಿನ ಸೈಟಿನಲ್ಲಿ ಮರ ಗೋಡೆಗೆ ಹತ್ತಿರ ಇದ್ದರೆ ಬೇರು ಮಣ್ಣಿನ ನೀರು ಹೀರಿ ಗೋಡೆ ಬಿರುಕು ಬಿಡಬಹುದು.

ಗಾಳಿಯ ದಾರಿ

ಜೂನ್ ನಂತರ ನಮಗೆ ಗಾಳಿ ಬೀಸುವುದು ಪಶ್ಚಿಮದಿಂದ. ಬಿಸಿಲಿಗೆ ಹೆದರಿ ಆ ಕಡೆ ಪೂರ್ತಿ ಮುಚ್ಚಿದರೆ ಆ ಗಾಳಿ ಕೈತಪ್ಪುತ್ತದೆ. ಪಶ್ಚಿಮದ ಪಟ್ಟಿಯಲ್ಲೇ ಒಂದು ಸಣ್ಣ ಓಣಿ ಬಿಟ್ಟು, ಅದರ ತುದಿಗೆ ಹೊರಗೆ ತೆರೆಯುವ ಮರದ ಬಾಗಿಲಿನ ಕಿಟಕಿ ಇಡಿ. ಮಾರ್ಚ್‌ನಿಂದ ಮೇ ತನಕ ಹಗಲು ಮುಚ್ಚಿರಲಿ. ಮೋಡ ಕವಿದ ಮೇಲೆ ತೆರೆಯಿರಿ. ಬಂದ ಗಾಳಿ ಹೊರಹೋಗಲು ಎದುರಿನ ಪೂರ್ವ ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್ ಬೇಕೇ ಬೇಕು.

ನಮ್ಮದು ಒಣ ಹವೆ. ಹಗಲು ಎಷ್ಟೇ ಸುಟ್ಟರೂ ನಸುಕಿಗೆ ಹೊರಗೆ ತಂಪಾಗುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ 9ರೊಳಗೆ ಕಿಟಕಿ ಮುಚ್ಚಿ, ರಾತ್ರಿ ಎಲ್ಲವನ್ನೂ ತೆರೆಯಿರಿ. ಒಂಟಿ ಹಿರಿಯರಿಗೆ ರಾತ್ರಿ ಕಿಟಕಿ ತೆರೆದಿಡಲು ಭಯವಾಗುತ್ತದೆ. ಹಾಗಾಗಿ ಗಟ್ಟಿ ಗ್ರಿಲ್, ಸೊಳ್ಳೆ ಪರದೆ ಎರಡನ್ನೂ ಪ್ಲಾನಿನ ಖರ್ಚಿನಲ್ಲೇ ಸೇರಿಸಿ. ಕೂಲರ್ ಇಡುವ ಕಿಟಕಿ ಉತ್ತರಕ್ಕೋ ಪೂರ್ವಕ್ಕೋ ನೆರಳಿನಲ್ಲಿರಲಿ.

ನೆತ್ತಿಯ ಮೇಲಿನ ಬಿಸಿಲು

ಒಂದಂತಸ್ತಿನ ಮನೆಗೆ ಹೆಚ್ಚು ಬಿಸಿಲು ಬೀಳುವುದು ತಾರಸಿಗೆ. ಮಾಳಿಗೆ ಮನೆಯಲ್ಲಿ ತೊಲೆ, ಜಂತಿಯ ಮೇಲೆ ದಪ್ಪ ಮಣ್ಣು ಇರುತ್ತಿತ್ತು. ಅದೇ ಆ ಮನೆಗಳ ತಂಪಿನ ಗುಟ್ಟು. ಬರೀ ಐದು ಇಂಚಿನ ಕಾಂಕ್ರೀಟಿಗೆ ಆ ಶಕ್ತಿ ಇಲ್ಲ. ಅದರ ಮೇಲೆ ಇಟ್ಟಿಗೆ ಚೂರಿನ ಗಚ್ಚು, ಗಚ್ಚಿನ ಮೇಲೆ ಒಡೆದ ಬಿಳಿ ಟೈಲ್ಸ್ ಹಾಕಿಸಿ. ಅಷ್ಟು ಖರ್ಚು ಆಗದಿದ್ದರೆ ಪ್ರತಿವರ್ಷ ಯುಗಾದಿಗೆ ಮುಂಚೆ ಸುಣ್ಣ ಬಳಿಸಿ. ಮಲಗುವ ಕೋಣೆಯ ಮೇಲೆ ಸೋಲಾರ್ ಪ್ಯಾನೆಲ್ ಎತ್ತರಿಸಿ ಕೂರಿಸಿದರೆ ಕರೆಂಟಿನ ಜೊತೆ ನೆರಳೂ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತನಕ ಸಹಾಯಧನ ಇದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ನೀರಿನ ಟ್ಯಾಂಕಿನ ನೆರಳು ಅದರ ಮೇಲೆ ಬೀಳದಿರಲಿ.

ಬುನಾದಿ ತೋಡುವ ಮುಂಚೆ

ಒಳಗೆ ಎಲ್ಲೂ ಮೆಟ್ಟಿಲು, ಎತ್ತರದ ಹೊಸ್ತಿಲು ಬೇಡ. ಬಾಗಿಲು ಮೂರು ಅಡಿ ಅಗಲ ಇರಲಿ, ಮುಂದೆ ಗಾಲಿಕುರ್ಚಿ ಬೇಕಾದರೂ ಬೇಕಾದೀತು. ಮಂಚದಿಂದ ಬಚ್ಚಲಿಗೆ ನೇರ ದಾರಿ ಇರಬೇಕು.

ಪ್ಲಾನ್ ಕೈಗೆ ಬಂದ ಮೇಲೆ ರಟ್ಟಿನಲ್ಲಿ ಒಂದು ಪುಟ್ಟ ಮನೆ ಮಾಡಿ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ಕಿಟಕಿ, ಸಜ್ಜಾ ಕತ್ತರಿಸಿ. ಛಾವಣಿಯನ್ನು ತೆಗೆದು ಹಾಕುವ ಹಾಗೆ ಸುಮ್ನೆ ಮುಚ್ಚಿ. ಅದನ್ನು ಸೈಟಿಗೆ ಒಯ್ದು ದಿಕ್ಕು ಸರಿಯಾಗಿ ಹೊಂದಿಸಿ, ಸಂಜೆ 4.30ಕ್ಕೆ ಕಿಟಕಿಯಿಂದ ಒಳಗೆ ಇಣುಕಿ. ಮಂಚ ಇಡುವ ಜಾಗದಲ್ಲಿ ಬಿಸಿಲಿನ ಚೌಕ ಕಂಡರೆ ಪೆನ್ಸಿಲಿನಿಂದ ಗುರುತು ಮಾಡಿ, ಅದೇ ರಟ್ಟಿನ ಮನೆಯನ್ನು ಇಂಜಿನಿಯರ್ ಮೇಜಿನ ಮೇಲೆ ಇಡಿ. ಮಾರ್ಚ್ ಕೊನೆಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು.